ಮೇಷ್ಟ್ರನ್ನು ಮೆಚ್ಚುವ ಪಾಳಿ

ಇತಿಹಾಸದ ಮೇಷ್ಟ್ರಿಗೆ ಫೋನಿನ ಹುಚ್ಚು ಹತ್ತಿದ್ದು ಐವತ್ತರ ಹೊಸ್ತಿಲಲ್ಲಿ. ಆ ವಯಸ್ಸಿನಲ್ಲಿ ಬೇರೆಯವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇವರಿಗೆ ಇದು ಬಂತು. ಸಂಜೆ ಶಾಲೆಯಿಂದ ಬಂದವರೇ ನಡುಮನೆಯ ಗೋಡೆಗೆ ನೀಲಿ ಬೆಡ್‌ಶೀಟ್ ಕಟ್ಟುವುದು, ಕುರ್ಚಿಯ ಮೇಲೆ ಅಡುಗೆಮನೆಯ ಡಬ್ಬಿ ಪೇರಿಸಿ ಅದಕ್ಕೆ ಫೋನು ಆನಿಸುವುದು, ಯಾವುದೋ ರಾಜನ ಕಥೆಯನ್ನು ಒಂದೇ ನಿಮಿಷದಲ್ಲಿ ಹೇಳಿ ಮುಗಿಸುವುದು. ವಿಡಿಯೋ ಹಾಕಿದ ಮೇಲೆ ಊಟಕ್ಕೆ ಕೂತರೂ ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಫೋನಿನ ಮೇಲೆ.

"ಇಡೀ ದಿನ ಶಾಲೇಲಿ ಮಕ್ಕಳು ನಿಮ್ಮ ಮುಖ ನೋಡಿರ್ತಾವೆ. ಮನೇಲಾದ್ರೂ ಪಾಪ ಅವಕ್ಕೆ ಬಿಡುವು ಕೊಡಿ" ಎಂದು ಹೆಂಡತಿ ಒಮ್ಮೆ ಅಂದಿದ್ದರು.

"ನಿನಗೇನು ಗೊತ್ತು. ಹಾಕಿದ ತಕ್ಷಣ ಮುಗಿಬೀಳ್ತಾರೆ ಮಕ್ಕಳು" ಎಂದು ಮೇಷ್ಟ್ರು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಮುಗಿಬೀಳುತ್ತಿದ್ದದ್ದು ನಿಜ. ಹತ್ತನೇ ತರಗತಿಯ ಮಕ್ಕಳೆಲ್ಲ ಅಲ್ಲಿದ್ದರು. ವರ್ಷದ ಮೊದಲ ದಿನವೇ ಮೇಷ್ಟ್ರು ತಮ್ಮ ಖಾತೆಯ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, "ಇಷ್ಟ ಇದ್ದವರು ಮಾತ್ರ ಸೇರ್ಕೊಳ್ಳಿ" ಎಂದಿದ್ದರು. ಪರೀಕ್ಷೆಗೆ ಮಾರ್ಕು ಹಾಕುವ ಕೈಯೇ ಹಾಗೆ ಬರೆದ ಮೇಲೆ ಯಾವ ಮಗುವಿಗೆ ಇಷ್ಟ ಇಲ್ಲದೆ ಇರುತ್ತದೆ? ಅಷ್ಟು ಸಣ್ಣ ವಿಷಯ ಮೇಷ್ಟ್ರಿಗೆ ಹೊಳೆಯಲಿಲ್ಲ. 'ಸೂಪರ್ ಸಾರ್' ಎಂದು ಒಬ್ಬರು ಬರೆದರೆ, 'ಆಮೇಲೆ ಆ ರಾಜ ಏನಾದ ಸಾರ್' ಎಂದು ಇನ್ನೊಬ್ಬರು ಕೇಳುತ್ತಿದ್ದರು. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು.

ಹೀಗಿರುವಾಗ ಹೆಡ್ ಮಿಸ್ ಒಂದು ನಿಯಮ ತರಲು ಹೊರಟರು. ಇನ್ನು ಮುಂದೆ ಶಿಕ್ಷಕರು ಮತ್ತು ಮಕ್ಕಳು ಜಾಲತಾಣದಲ್ಲಿ ಒಬ್ಬರನ್ನೊಬ್ಬರು ಸೇರಿಸಿಕೊಳ್ಳುವಂತಿಲ್ಲ, ಹೇಳುವುದೇನಿದ್ದರೂ ಶಾಲೆಯಲ್ಲೇ ಹೇಳಬೇಕು. ಬೇರೆ ಶಿಕ್ಷಕರು ಒಳಗೊಳಗೇ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಇತಿಹಾಸದ ಮೇಷ್ಟ್ರಿಗೆ ಮಾತ್ರ ಬಾಯಿಗೆ ಬಂದ ತುತ್ತನ್ನು ಯಾರೋ ಕಸಿದುಕೊಂಡಂತಾಯಿತು.

"ಯಾರೋ ಎಲ್ಲೋ ತಪ್ಪು ಮಾಡ್ತಾರೆ ಅಂತ ನನಗ್ಯಾಕೆ ಶಿಕ್ಷೆ ಮಿಸ್? ನನ್ನ ಮಕ್ಕಳು ಪ್ರೀತಿಯಿಂದ ನೋಡ್ತಾರೆ. ಬೇಕಾದ್ರೆ ಅವರನ್ನೇ ಕೇಳಿ" ಎಂದರು.

"ಆಯ್ತು ಮೇಷ್ಟ್ರೇ. ನಾಳೆ ಮೀಟಿಂಗಿಗೆ ಒಬ್ಬರನ್ನ ಕರ್ಕೊಂಡು ಬನ್ನಿ. ಅವರ ಮಾತು ಕೇಳಿಯೇ ತೀರ್ಮಾನ ಮಾಡೋಣ" ಎಂದರು ಹೆಡ್ ಮಿಸ್.

ಮೇಷ್ಟ್ರು ಆರಿಸಿದ್ದು ತರಗತಿಯ ಲೀಡರ್ ಹುಡುಗಿಯನ್ನು. ಸುಳ್ಳು ಹೇಳಿ ಗೊತ್ತಿಲ್ಲದ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವ ಮಗು. ಅವಳಿಗೆ ಏನು ಹೇಳಬೇಕೆಂದು ಮೇಷ್ಟ್ರು ಹೇಳಿಕೊಡಲೂ ಇಲ್ಲ. ಅಷ್ಟು ನಂಬಿಕೆ ಇತ್ತು ಅವರಿಗೆ ತಮ್ಮ ಮೇಲೆ.

ಮಾರನೆಯ ದಿನ ಸ್ಟಾಫ್ ರೂಮಿನ ಉದ್ದ ಮೇಜಿನ ಸುತ್ತ ಎಲ್ಲರೂ ಟೀ ಹಿಡಿದು ಕೂತಿದ್ದರು. ಸೀಮೆಸುಣ್ಣದ ಪೆಟ್ಟಿಗೆಗಳು, ತಿದ್ದಬೇಕಾದ ಪೇಪರಿನ ಕಟ್ಟುಗಳು, ಮೇಲೆ ಕಿರುಗುಡುವ ಫ್ಯಾನು. ಲೀಡರ್ ಹುಡುಗಿ ಕೈ ಕಟ್ಟಿ ನಿಂತಳು. ಮೇಷ್ಟ್ರು ಎದ್ದು ನಿಂತು, ಗೆದ್ದವರ ಠೀವಿಯಲ್ಲಿ ಕೇಳಿದರು.

"ಹೇಳಮ್ಮ. ನನ್ನ ವಿಡಿಯೋ ನೋಡಿ ಅಂತ ಯಾವತ್ತಾದ್ರೂ ಬಲವಂತ ಮಾಡಿದೀನಾ?"

"ಇಲ್ಲ ಸಾರ್."

"ನೋಡೋದು ನಿಮಗೇನಾದ್ರೂ ಹೊರೆ ಆಗುತ್ತಾ?"

"ಇಲ್ಲ ಸಾರ್. ಪಾಳಿ ಮಾಡ್ಕೊಂಡಿದೀವಲ್ಲ, ಅದಕ್ಕೆ ಯಾರಿಗೂ ಹೊರೆ ಆಗಲ್ಲ."

ಫ್ಯಾನಿನ ಸದ್ದು ಒಮ್ಮೆಲೇ ಜೋರಾಗಿ ಕೇಳಿಸಿತು. "ಪಾಳಿ ಅಂದ್ರೆ ಏನಮ್ಮ?" ಎಂದರು ಹೆಡ್ ಮಿಸ್.

ಹುಡುಗಿ ಪಾಠ ಒಪ್ಪಿಸುವಂತೆ ಹೇಳಿದಳು. "ದಿನಕ್ಕೆ ಒಂದು ಸಾಲಿನ ಬೆಂಚಿನವರು ಮಿಸ್. ಕೆಲವರು ಲೈಕ್ ಒತ್ತಬೇಕು, ಕೆಲವರು ಸೂಪರ್ ಸಾರ್ ಅಂತ ಬರೀಬೇಕು. ಇಬ್ಬರಾದ್ರೂ ಪ್ರಶ್ನೆ ಕೇಳಲೇಬೇಕು. ಪ್ರಶ್ನೆ ಕೇಳಿದ್ರೆ ಸಾರ್‌ಗೆ ತುಂಬಾ ಖುಷಿ ಆಗುತ್ತೆ. ಇವತ್ತು ನಮ್ಮ ಬೆಂಚಿಂದೇ ಪಾಳಿ."

ಡ್ರಿಲ್ ಮೇಷ್ಟ್ರಿಗೆ ಟೀ ನೆತ್ತಿಗೇರಿ ಕೆಮ್ಮು ಬಂತು. ಗಣಿತದ ಮಿಸ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಆದರೂ ನಗಲು ನೋಡಿದರು ಪುಣ್ಯಾತ್ಮ. ಮಕ್ಕಳ ತುಂಟಾಟ ಎಂದು ನಕ್ಕು ತೇಲಿಸಿಬಿಟ್ಟರೆ ಈಗಲೂ ಮರ್ಯಾದೆ ಉಳಿಯುತ್ತದೆ ಎಂಬ ಆಸೆ.

"ಯಾಕಮ್ಮ ಪಾಳಿ ಶುರು ಮಾಡಿದ್ರಿ?" ಹೆಡ್ ಮಿಸ್ ಮೆತ್ತಗೆ ಕೇಳಿದರು.

ಹುಡುಗಿಗೆ ಆಗ ಏನೋ ಹೊಳೆದಂತಾಯಿತು. ಮೇಷ್ಟ್ರ ಮುಖ ನೋಡಿದಳು, ನೆಲ ನೋಡಿದಳು. "ಲೈಕ್ ಕಮ್ಮಿ ಬಂದ ದಿನ ಸಾರ್‌ಗೆ ಬೇಜಾರಾಗಿರುತ್ತೆ ಮಿಸ್" ಎಂದಳು.

"ಬೇಜಾರಾದ್ರೆ?"

"ಅವತ್ತು ಕಿಟಕಿ ಪಕ್ಕ ಕೂರೋಳನ್ನ ನಿಲ್ಲಿಸಿ ಓದಿಸ್ತಾರೆ."

ಈಗ ಯಾರೂ ನಗಲಿಲ್ಲ. ಕಿಟಕಿ ಪಕ್ಕದ ಹುಡುಗಿ ಯಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳಿಗೆ ಮಾತು ತೊದಲುತ್ತಿತ್ತು. ಒಂದು ಪದ ಹೊರಡಲು ಪಾಪ ಕುತ್ತಿಗೆಯ ನರ ಉಬ್ಬಬೇಕು. ಅವಳಿಂದ ಗಟ್ಟಿಯಾಗಿ ಓದಿಸಬಾರದೆಂದು ಎಲ್ಲ ಶಿಕ್ಷಕರೂ ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಇತಿಹಾಸದ ಮೇಷ್ಟ್ರಿಗೂ ಅದು ಗೊತ್ತಿತ್ತು.

ಮೇಷ್ಟ್ರು ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು. ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎನ್ನಲು ಬಾಯಿ ತೆರೆಯಬೇಕು, ಅಷ್ಟರೊಳಗೇ ಒಂದು ದಿನ ನೆನಪಿಗೆ ಬಂತು. ಹಿಂದಿನ ಸಂಜೆಯ ವಿಡಿಯೋ ಹೆಚ್ಚು ಮಂದಿ ನೋಡಿರಲಿಲ್ಲ. ಮುಖ ಊದಿಸಿಕೊಂಡು ತರಗತಿಗೆ ಹೋಗಿ, "ನೀನು ಎದ್ದು ಓದು" ಎಂದು ಕಿಟಕಿಯ ಕಡೆ ಬೆರಳು ತೋರಿಸಿದ್ದರು. ಅವಳ ಮೊದಲ ಪದವೇ ಗಂಟಲಲ್ಲಿ ಸಿಕ್ಕಿಕೊಂಡಾಗ, "ಈ ರಾಜ ಯುದ್ಧಕ್ಕೆ ಹೊರಡೋದು ಇವತ್ತೋ ನಾಳೆಯೋ?" ಎಂದಿದ್ದರು. ತರಗತಿ ನಕ್ಕಿತ್ತು. ಆ ನಗು ಕೇಳಿ ಇವರ ಮನಸ್ಸು ಹಗುರಾಗಿತ್ತು. ಛೇ, ಎಂಥ ಮನುಷ್ಯ ನಾನು ಎಂದುಕೊಂಡರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು, ಆದರೆ ಸ್ಟಾಫ್ ರೂಮಿನ ಸಿಮೆಂಟು ನೆಲ ಅಲ್ಲಾಡಲಿಲ್ಲ.

"ನೀನು ಕ್ಲಾಸಿಗೆ ಹೋಗಮ್ಮ" ಎಂದು ಹೆಡ್ ಮಿಸ್ ಹುಡುಗಿಯನ್ನು ಕಳಿಸಿದರು. ನಿಯಮಕ್ಕೆ ಒಪ್ಪುವವರು ಕೈ ಎತ್ತಿ ಎಂದಾಗ ಮೊದಲು ಎದ್ದದ್ದು ಇತಿಹಾಸದ ಮೇಷ್ಟ್ರ ಕೈ. ಯಾರೂ ಅವರ ಕಡೆ ನೋಡಲಿಲ್ಲ. ಯಾರಾದರೂ ಉಗಿದಿದ್ದರೆ ಚೆನ್ನಾಗಿತ್ತು.

ಸಂಜೆ ಮನೆಗೆ ಬಂದು ಬೆಡ್‌ಶೀಟ್ ಬಿಚ್ಚಿ ಮಡಚಿದರು. ಡಬ್ಬಿಗಳನ್ನು ಅಡುಗೆಮನೆಗೆ ಒಯ್ದಿಟ್ಟರು. ನಡೆದದ್ದನ್ನು ಹೆಂಡತಿಗೆ ಮುಖ ತಪ್ಪಿಸಿಕೊಂಡೇ ಹೇಳಿ, "ನಿನಗೆ ಗೊತ್ತಿತ್ತಾ?" ಎಂದರು.

"ಮಕ್ಕಳ ಪಾಳಿ ಗೊತ್ತಿರ್ಲಿಲ್ಲ ರೀ" ಎಂದರು ಹೆಂಡತಿ, ಒಲೆಯ ಕಡೆ ತಿರುಗಿ. "ಆದ್ರೆ ಕಮ್ಮಿ ಬಂದ ದಿನ ನೀವು ಮನೇಲೂ ಹಾಗೇ ಇರ್ತಿದ್ರಿ. ಸಾರಿಗೆ ಉಪ್ಪು ಜಾಸ್ತಿ, ಫ್ಯಾನು ಜೋರು, ನಾನು ನಡೆದ್ರೆ ಸದ್ದು. ಅದಕ್ಕೇ ನಾನೂ ತಪ್ಪದೆ ಲೈಕ್ ಒತ್ತುತ್ತಿದ್ದೆ."

ಮೇಷ್ಟ್ರು ಅಲ್ಲೇ ಸ್ಟೂಲಿನ ಮೇಲೆ ಕೂತು ಖಾತೆಯನ್ನೇ ಅಳಿಸಿಹಾಕಿದರು. ನಿಜವಾಗಿಯೂ ಅಳಿಸಬೇಕೇ ಎಂದು ಫೋನು ಎರಡು ಸಲ ಕೇಳಿತು.

ಬೆಳಿಗ್ಗೆ ಶಾಲೆಯ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡು ನಡೆದರು. ಹುಟ್ಟುಗುಣ ನೋಡಿ, ಯಾವ ಮಾತಿನ ಹತ್ತಿರ ದನಿ ತಗ್ಗಿಸಬೇಕು, ಎಲ್ಲಿ ಸ್ವಲ್ಪ ನಿಲ್ಲಬೇಕು ಎಂಬ ಲೆಕ್ಕವೂ ಜೊತೆಗೇ ನಡೆದಿತ್ತು. ಗೇಟಿನ ಹತ್ತಿರ ಬಂದಾಗ ಅದು ಅವರಿಗೇ ತಿಳಿದು ಕಿವಿ ಬಿಸಿಯಾಯಿತು.

ತರಗತಿಯಲ್ಲಿ ಮೇಜಿನ ಮುಂದೆ ನಿಂತು ಹೇಳಿದರು. "ನಾನು ತಪ್ಪು ಮಾಡಿದೀನಿ. ನಿಮಗೆಲ್ಲ ತೊಂದ್ರೆ ಕೊಟ್ಟಿದೀನಿ. ಎಲ್ಲರಿಗಿಂತ ಹೆಚ್ಚಾಗಿ ಒಬ್ಬಳಿಗೆ. ಇನ್ಮೇಲೆ ಯಾರೂ ಏನೂ ಒತ್ತಬೇಕಾಗಿಲ್ಲ, ಏನೂ ಬರೀಬೇಕಾಗಿಲ್ಲ. ನನ್ನನ್ನ ಕ್ಷಮಿಸಿ." ಕೊನೆಗೆ ದನಿ ನಡುಗಿತು. ಆ ನಡುಕ ಮಾತ್ರ ದಾರಿಯಲ್ಲಿ ಜೋಡಿಸಿದ್ದಲ್ಲ.

ಮಕ್ಕಳು ಮುಖಮುಖ ನೋಡಿಕೊಂಡರು. ಮೇಷ್ಟ್ರ ಕಣ್ಣು ಒದ್ದೆಯಾದದ್ದು ಕಂಡು ಲೀಡರ್ ಹುಡುಗಿ ಪಕ್ಕದವಳಿಗೆ ಮೊಣಕೈಯಿಂದ ತಿವಿದಳು. ಅವಳು ಹಿಂದಿನ ಬೆಂಚಿಗೆ ಕಣ್ಸನ್ನೆ ಮಾಡಿದಳು. ಒಂದು ಸಾಲು ಚಪ್ಪಾಳೆ ತಟ್ಟಿತು, ಆಮೇಲೆ ಇನ್ನೊಂದು ಸಾಲು, ಆಮೇಲೆ ಇಡೀ ತರಗತಿ.

ಮೇಷ್ಟ್ರಿಗೆ ಕಪಾಳಕ್ಕೆ ಬಿದ್ದಂತಾಯಿತು. ಬೇಡ, ನಿಲ್ಲಿಸಿ ಎನ್ನಲು ಕೈ ಎತ್ತಿದರೆ ಮಕ್ಕಳು ಇನ್ನೂ ಜೋರಾಗಿ ತಟ್ಟಿದರು. ಈ ಮಕ್ಕಳಿಗೆ ತಾನು ಕಲಿಸಿದ್ದು ಇದೊಂದೇ ಪಾಠ ಎಂದು ಅವರಿಗೆ ಹೊಳೆಯಿತು.

ಆಗ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ಅವಳು ಚಪ್ಪಾಳೆ ತಟ್ಟಿರಲಿಲ್ಲ. ತರಗತಿ ತಾನಾಗಿಯೇ ಸುಮ್ಮನಾಯಿತು. ಯಾರೂ ಅವಳನ್ನು ಎಬ್ಬಿಸಿರಲಿಲ್ಲ, ಯಾರೂ ಓದು ಎಂದಿರಲಿಲ್ಲ. ಬಾಯಿ ತೆರೆದಳು, ಕುತ್ತಿಗೆಯ ನರ ಉಬ್ಬಿತು, ಮೊದಲ ಅಕ್ಷರ ಅಲ್ಲೇ ಸಿಕ್ಕಿಕೊಂಡು ಒದ್ದಾಡಿತು. ಮೇಷ್ಟ್ರು ತಾವು ಮುಗಿಸಿಕೊಡಲು ಹೋಗಲಿಲ್ಲ. ಕಾದರು.

"ಪ... ಪ... ಪಾಠ ಮಾಡಿ ಸಾರ್" ಎಂದಳು ಆಕೆ.

ಅಷ್ಟು ಹೇಳಿ ಕೂತಳು. ಮೇಷ್ಟ್ರು ಬೆನ್ನು ತಿರುಗಿಸಿ ಸೀಮೆಸುಣ್ಣ ಎತ್ತಿಕೊಂಡು, ನಿಲ್ಲಿಸಿದ ಕಡೆಯಿಂದ ಪಾಠ ಶುರು ಮಾಡಿದರು.