ಕ್ಯಾರೆಟ್ಟಿಗೆ ಮೆತ್ತಿದ ಮಣ್ಣು

"ಏಯ್, ಮಗೂಗೆ ಪೌಡರ್ ಹಚ್ತಾ ಇದೀಯೇನೇ? ಗಟ್ಟಿಯಾಗಿ ಮೆತ್ತು! ಈಗಷ್ಟೇ ನೆಲದಿಂದ ಕಿತ್ತ ಹಾಗೆ ಕಾಣ್ಬೇಕು, ದರಿದ್ರದೋಳೆ!"

ಗೋದಾಮಿನ ಬಾಗಿಲಲ್ಲಿ ನಿಂತು ಧಣಿ ಕೂಗಿದ. ಸೊಪ್ಪಕ್ಕ ತಲೆ ಎತ್ತಲಿಲ್ಲ. ಕೋಲ್ಡ್ ಸ್ಟೋರೇಜಿನಿಂದ ತೆಗೆದ ಕ್ಯಾರೆಟ್ಟು ಹೊರಗಿನ ಗಾಳಿಗೆ ಬೆವರುತ್ತದೆ. ಬೆವರು ಒರೆಸದೆ ಮೆತ್ತಿದರೆ ಮಣ್ಣು ಜಾರಿ ಬೀಳುತ್ತದೆ. ಅವಳು ಒಂದೊಂದನ್ನೇ ಹಳೇ ಬಟ್ಟೆಯಲ್ಲಿ ಒರೆಸಿ, ಬಕೆಟ್ಟಿನ ಕೆಸರಿಗೆ ಅದ್ದಿ, ಒಣಮಣ್ಣಿನಲ್ಲಿ ಹೊರಳಿಸಿ ಬುಟ್ಟಿಗೆ ಹಾಕುತ್ತಿದ್ದಳು. ಹಡಗಿನಲ್ಲಿ ಬಂದ ಮಾಲು ಎಂದು ವ್ಯಾನ್ ಡ್ರೈವರ್ ಒಮ್ಮೆ ಹೇಳಿದ್ದ. ಪೇಟೆಯ ಜನಕ್ಕೆ ಮಾತ್ರ ಅದು ಇಲ್ಲೇ, ಊರಂಚಿನ ತೋಟದಲ್ಲಿ ಬೆಳೆದದ್ದು. ಅದಕ್ಕೆ ಮಣ್ಣೇ ಸಾಕ್ಷಿ.

ನಿಜವಾಗಿ ಇಲ್ಲಿ ಬೆಳೆದದ್ದು ಒಂದೇ. ಗೋದಾಮಿನ ಹಿಂದೆ, ಅವಳ ತಗಡಿನ ಶೆಡ್ಡಿಗೆ ಅಂಟಿಕೊಂಡ ಅಂಗೈಯಗಲದ ಪಾತಿಯ ಸಬ್ಬಸಿಗೆ ಸೊಪ್ಪು. ಪಾತಿ ಮಾಡಿದವನು ಗಂಡ. ಅವನು ಸತ್ತ ಮೇಲೆ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದುದು ಆ ಸೊಪ್ಪಿನ ಜೊತೆಗೇ. ನೀರು ಹಾಕುತ್ತಾ, "ಏನ್ರೋ, ನಿದ್ದೆ ಬಂತಾ? ಆ ಮೂಲೆಯೋನು ಯಾಕೆ ಮುಖ ಊದಿಸ್ಕೊಂಡಿದಾನೆ?" ಎಂದೆಲ್ಲ ಕೇಳುತ್ತಿದ್ದಳು. ಈ ಸಲದ ಮಾರಾಟಕ್ಕೆ ಅವಳ ಸೊಪ್ಪಿನ ಬುಟ್ಟಿಯನ್ನು ಎಲ್ಲಕ್ಕಿಂತ ಮುಂದೆ ಇಡುತ್ತೇನೆ ಎಂದು ಧಣಿ ಮಾತು ಕೊಟ್ಟಿದ್ದ. ತಾನು ಬೆಳೆದದ್ದನ್ನು ಯಾರಾದರೂ ಒಬ್ಬರು ಒಯ್ದು ತಿನ್ನಬೇಕು. ಅವಳಿಗಿದ್ದ ಆಸೆ ಅಷ್ಟೇ.

ಕೆಸರಿನಲ್ಲಿ ಕೈಗೆ ಏನೋ ತೊಡರಿತು. ಎಳೇ ಬೇರು. ಮೂಗಿಗೆ ಹಿಡಿದಳು.

ಸಬ್ಬಸಿಗೆ.

ಎದ್ದುಬಿದ್ದು ಹಿತ್ತಲಿಗೆ ಓಡಿದಳು. ಪಾತಿಯ ಜಾಗದಲ್ಲಿ ಗುಂಡಿ. ಸೊಪ್ಪು ಬಹುಪಾಲು ಬೂಟುಗಾಲಿಗೆ ಸಿಕ್ಕಿ ಹಸಿರು ಮುದ್ದೆಯಾಗಿತ್ತು. ಡ್ರೈವರ್ ಸಲಿಕೆ ತೊಳೆಯುತ್ತಿದ್ದ.

"ಅಣ್ಣಾ, ಏನ್ ಮಾಡ್ಬಿಟ್ಟೆ?"

"ಧಣಿ ಅಗಿ ಅಂದ್ರು, ಅಗೆದೆ ಕಣಕ್ಕ. ಸುತ್ತ ಎಲ್ಲಾ ಕಾಂಕ್ರೀಟು. ಮಣ್ಣು ಅಂತ ಇರೋದು ನಿನ್ನತ್ರ ಮಾತ್ರ." ಅವನು ಮುಖ ಕೊಡಲಿಲ್ಲ.

ಅಷ್ಟರಲ್ಲಿ ಧಣಿಯೂ ಹಿತ್ತಲಿಗೆ ಬಂದ. "ನನ್ನ ಬುಟ್ಟಿ ಮುಂದೆ ಇಡ್ತೀನಿ ಅಂದಿದ್ರಲ್ಲ ಧಣೀ?"

"ನಿನ್ನ ಫೋಟೋನೇ ಮುಂದೆ ಇಟ್ಟಿದೀನಲ್ಲೇ! ಇನ್ನೇನು, ತಲೇಲಿ ಹೊತ್ಕೊಂಡು ಕುಣೀಲಾ? ಹುಲ್ಲಿನಂಥ ಸೊಪ್ಪು, ಮತ್ತೆ ಬರುತ್ತೆ. ವ್ಯಾನ್ ಹತ್ತು, ಮುಂಡೇದೇ."

ತುಳಿತಕ್ಕೆ ಸಿಗದೆ ಉಳಿದ ಕಡ್ಡಿಗಳನ್ನು ಆರಿಸಿ ಒಂದು ಕಟ್ಟು ಕಟ್ಟಿಕೊಂಡು ವ್ಯಾನ್ ಹತ್ತಿದಳು.

ಪೇಟೆಯ ಚೌಕದಲ್ಲಿ ಅವಳಿಗಿಂತ ಎತ್ತರದ ಬೋರ್ಡು. ಅದರಲ್ಲಿ ನಗುವ ಅವಳದೇ ಮುಖ, ಕೆಳಗೆ 'ನಿಮ್ಮೂರ ನೆಲ, ನಿಮ್ಮ ತಟ್ಟೆ'. ಧಣಿಯ ಕೈಗೆ ಮೈಕು ಬಂದದ್ದೇ ತಡ, ಬಾಯಿಗೆ ಜೇನು ಬಂದಿತ್ತು. "ದೂರದ್ದು ಯಾಕೆ ತಿಂತೀರಾ ಅಮ್ಮಾ? ನಮ್ಮೂರ ಬೆಳೆ ತಿನ್ನಿ, ನಮ್ಮ ರೈತರನ್ನ ಉಳಿಸಿ!"

"ನೋಡ್ರೀ, ಇನ್ನೂ ಮಣ್ಣು ಹಸೀ ಇದೆ!" ಎಂದು ಒಬ್ಬಾಕೆ ಕ್ಯಾರೆಟ್ಟು ಮೂಸಿದಳು. "ಏನೋ ಘಮ ಬರ್ತಿದೆ ಕಣ್ರೀ ಇದಕ್ಕೆ."

ಸೊಪ್ಪಕ್ಕ ತನ್ನ ಕಟ್ಟನ್ನು ಮುಂದೆ ಚಾಚಿದಳು. "ಅಮ್ಮಾ, ಘಮ ಇದರದ್ದು. ನಾನೇ ಬೆಳೆದಿದ್ದು."

"ಅಯ್ಯೋ ಬೇಡಪ್ಪ, ಬಾಡಿದೆ." ಆಕೆ ಫೋನು ಎತ್ತಿದಳು. "ಸ್ವಲ್ಪ ಆ ಕಡೆ ಸರೀತೀರಾ? ಬೋರ್ಡು ಕಾಣ್ತಿಲ್ಲ."

ಸೊಪ್ಪಕ್ಕ ಸರಿದಳು. ಆಕೆ ಬೋರ್ಡಿನ ಮುಖಕ್ಕೆ ಕೆನ್ನೆ ಕೊಟ್ಟು ಫೋಟೋ ತೆಗೆದುಕೊಂಡಳು. ಧಣಿ ಸೊಪ್ಪಕ್ಕನ ಕಟ್ಟನ್ನು ಕಿತ್ತುಕೊಂಡು ಮೇಜಿನ ಕೆಳಗೆ ಎಸೆದ.

ತರಕಾರಿಗೆ ಚಿಮುಕಿಸಲೆಂದು ಪಕ್ಕದಲ್ಲೊಂದು ನೀರಿನ ಟಬ್ಬಿತ್ತು. ಸೊಪ್ಪಕ್ಕ ಕ್ಯಾರೆಟ್ಟಿನ ಬುಟ್ಟಿಯನ್ನು ಅದಕ್ಕೆ ಸುರಿದಳು. ಕೂತಳು. ಒಂದೊಂದನ್ನೇ ಉಜ್ಜಿ ತೊಳೆದು ಮೇಜಿನ ಮೇಲೆ ಇಡತೊಡಗಿದಳು. ಕೊಳೆತ ತುದಿ ಕತ್ತರಿಸಿದ, ಒಂದೇ ಅಳತೆಯ, ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುವ ಕ್ಯಾರೆಟ್ಟುಗಳು.

ಧಣಿಯ ಮೈಕು ಇನ್ನೂ ಆನ್ ಇತ್ತು. "ಏಯ್ ಬೋಳೀ, ತಲೆ ಕೆಟ್ಟಿದೆಯೇನೇ? ಮತ್ತೆ ಯಾರು ಮಣ್ಣು ಮೆತ್ತೋದು ಅದಕ್ಕೆ?"

ಚೌಕಕ್ಕೆ ಚೌಕವೇ ಕೇಳಿಸಿಕೊಂಡಿತು. ಕ್ಯಾರೆಟ್ಟು ಮೂಸಿದವಳು ಕೈಯಲ್ಲಿದ್ದುದನ್ನು ಉಗುರಿನಿಂದ ಕೆರೆದು ನೋಡಿದಳು. ಬೋರ್ಡಿನ ಮುಖವನ್ನೂ ಟಬ್ಬಿನ ಮುಂದಿನ ಮುಖವನ್ನೂ ನೋಡಿದಳು. ಕ್ಯಾರೆಟ್ಟು ಕೆಳಗಿಟ್ಟು ಹೊರಟುಹೋದಳು. ಒಬ್ಬೊಬ್ಬರಾಗಿ ಉಳಿದವರೂ.

"ಹಡಗಲ್ಲಿ ಬಂದಿದ್ದು ನಿಮಗಿರ್ಲಿ ಧಣೀ," ಎಂದಳು ಸೊಪ್ಪಕ್ಕ. "ಮಣ್ಣು ನಂದು."

ಕೊನೆಯ ಕ್ಯಾರೆಟ್ಟನ್ನೂ ಮೇಜಿಗಿಟ್ಟು, ಕೆಳಗೆ ಬಿದ್ದಿದ್ದ ಕಟ್ಟನ್ನು ಎತ್ತಿ ಕೆಸರುನೀರಿನಲ್ಲಿ ನಿಲ್ಲಿಸಿ, ಟಬ್ಬನ್ನು ಸೊಂಟಕ್ಕೆ ಏರಿಸಿ ನಡೆದಳು. ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ. ಹೆಜ್ಜೆ ಹೆಜ್ಜೆಗೂ ನೀರು ತುಳುಕಿ ಡಾಂಬರಿನ ಮೇಲೆ ಬೀಳುತ್ತಿತ್ತು.

"ಅಲುಗಾಡ್ಬೇಡ್ರೋ," ಎಂದಳು ಕಟ್ಟಿಗೆ. "ಮನೆ ಇನ್ನೂ ದೂರ ಇದೆ."