ನಾನು ಮುಚ್ಚಿಹಾಕಿದ ದನಿ

ನಾನು ಒಂದು ಆಂಪ್ಲಿಫೈಯರ್. ಹವ್ಯಾಸಿ ರೇಡಿಯೋದವರ ಮೇಜಿನ ಮೇಲೆ ಕೂತು, ರೇಡಿಯೋ ಕೊಟ್ಟ ಸಣ್ಣ ದನಿಯನ್ನು ದೊಡ್ಡದು ಮಾಡಿ ಆಂಟೆನಾಕ್ಕೆ ಕಳಿಸುವುದು ನನ್ನ ಕಸುಬು. ಹುಬ್ಬಳ್ಳಿಯ ಮುರಿಗೆಪ್ಪ ಹೂಗಾರರು ಗುಜರಿ ಟ್ರಾನ್ಸ್‌ಫಾರ್ಮರು, ಹಳೇ ವಾಲ್ವು ಸೇರಿಸಿ ನನ್ನನ್ನು ಕೈಯಾರೆ ಕಟ್ಟಿದರು. ಅವರ ಮನೆಯಲ್ಲಿ ಐವತ್ತು ವ್ಯಾಟ್ ಕೊಟ್ಟರೆ ನಾನೂರು ಹೊರಡಿಸುತ್ತಿದ್ದೆ. ಏನು ಸೊಕ್ಕು ನನಗೆ ಆಗ!

ಕಣ್ಣು ಮಂಜಾದ ಮೇಲೆ ಅವರು ನನ್ನನ್ನು ಅಂಕೋಲೆಯ ಉಪೇಂದ್ರ ಶಾನಭಾಗರಿಗೆ ಕೊಟ್ಟರು. ಆಂಟೆನಾ ಬದಲಾದರೆ ನನ್ನ ಮೇಲಿನ ಹೊರೆಯೂ ಬದಲಾಗುತ್ತದೆ, ಮುಂದಿನ ಎರಡು ಗುಂಡಿ ತಿರುವಿ ಮತ್ತೆ ಹೊಂದಿಸಬೇಕು ಎಂದು ಬಿಡಿಸಿ ಹೇಳಿದ್ದರು. ಶಾನಭಾಗರು ತಲೆಯಾಡಿಸಿದರು. ಒಳ್ಳೆಯ ಮನುಷ್ಯ, ಆದರೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನದವರಲ್ಲ. ಅವರ ಆಂಟೆನಾ ತಂತಿ ತಗಡಿನ ಮಾಡಿನ ಮೇಲೆ ತೀರಾ ತಗ್ಗಿನಲ್ಲಿ ಜೋತಾಡುತ್ತಿತ್ತು. ಅದೇ ಐವತ್ತಕ್ಕೆ ಮೀಟರಿನ ಮುಳ್ಳು ಇನ್ನೂರೈವತ್ತರಲ್ಲೇ ಕುಂಟಿತು. ನನ್ನ ಗುಂಡಿ ಮುಟ್ಟುವುದು ಬಿಟ್ಟು ಅವರು ರೇಡಿಯೋದ ಕಿವಿ ಹಿಂಡಿದರು: ಎಪ್ಪತ್ತು, ತೊಂಬತ್ತು. ಮುಳ್ಳು ನಾನೂರು ಮುಟ್ಟಿತು, ಅವರು ಹಿಗ್ಗಿದರು. ನನ್ನ ದನಿ ಮಾತ್ರ ಒಡೆದು ಅಕ್ಕಪಕ್ಕದ ಫ್ರೀಕ್ವೆನ್ಸಿಗಳ ಮೇಲೆಲ್ಲ ಚೆಲ್ಲುತ್ತಿತ್ತು. ಹೇಳೋಣವೆಂದರೆ ನನಗೆ ನನ್ನದೇ ಬಾಯಿಲ್ಲವಲ್ಲ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಬಂತು ಆ ನೆರೆ. ಫೋನು, ಕರೆಂಟು ಎಲ್ಲ ಹೋಯಿತು. ಶಾನಭಾಗರು ಜನರೇಟರ್ ಹಚ್ಚಿ, ಹುಬ್ಬಳ್ಳಿಗೆ ಸುದ್ದಿ ಮುಟ್ಟಿಸಲು ನನ್ನ ಮುಂದೆ ಕೂತರು. ಅದೇ ಹೊತ್ತಿಗೆ ಹೊಳೆ ನಡುವಿನ ನಡುಗಡ್ಡೆ ಕುರ್ವೆಯಿಂದ ವಿನುತಾ ಹರಿಕಂತ್ರ ಎಂಬ ಹುಡುಗಿ ಪಕ್ಕದ ಫ್ರೀಕ್ವೆನ್ಸಿಯಲ್ಲಿ, ಸಣ್ಣ ಬ್ಯಾಟರಿ ಸೆಟ್ಟಿನಲ್ಲಿ ದೋಣಿ ಕೇಳುತ್ತಿದ್ದಳು. ಜನ ಹೊಕ್ಕಿದ್ದ ಶಾಲೆಯ ಕಿಟಕಿಗೆ ನೀರು ಬಂದಿತ್ತು. ಅವಳ ಮಾತು ಯಾರಿಗೂ ಪೂರ್ತಿ ಕೇಳಿಸಲಿಲ್ಲ. ಆ ಫ್ರೀಕ್ವೆನ್ಸಿಯಲ್ಲಿ ಎಲ್ಲರ ಮಾತಿನ ಸರದಿ ನಡೆಸುತ್ತಿದ್ದ ಗಾಂವ್ಕರ್ ಮಾಸ್ತರು ಕೊನೆಗೆ ಆಸುಪಾಸಿನವರೆಲ್ಲ ಮಾತು ನಿಲ್ಲಿಸಿ ತಮ್ಮ ಫ್ರೀಕ್ವೆನ್ಸಿಗೆ ತಿರುಗಿ ಕೇಳಬೇಕು ಎಂದು ಕೇಳಿಕೊಂಡರು. ಯಾರು ಗಲಾಟೆ ಮಾಡುತ್ತಿರುವುದೋ ಎಂದು ಬೈದುಕೊಳ್ಳುತ್ತಲೇ ಶಾನಭಾಗರು ಅತ್ತ ತಿರುಗಿಸಿ ಮೈಕ್ ಬಿಟ್ಟರು.

ಬಿಟ್ಟದ್ದೇ ತಡ, ಹುಡುಗಿಯ ದನಿ ತಿಳಿಯಾಗಿ ಬಂತು.

"ಶಾನಭಾಗರೇ," ಎಂದರು ಮಾಸ್ತರು, "ನೀವು ಹಂಗೇ ಸುಮ್ನಿರಿ."

ಜಿಲ್ಲೆಯೆಲ್ಲ ಕೇಳಿಸಿಕೊಂಡಿತು. ಶಾನಭಾಗರ ಕಿವಿ ಕೆಂಪಾಯಿತು. ನನಗೋ, ನಾಚಿಕೆಯಿಂದ ಅಲ್ಲೇ ಸುಟ್ಟುಹೋಗಬಾರದೇ ಅನ್ನಿಸಿತು. ದೋಣಿ ಹೋಯಿತು. ಎಲ್ಲರೂ ಉಳಿದರು, ಕಿಟಕಿಯ ಸರಳು ಹಿಡಿದು ಕಾದಿದ್ದ ವಿನುತಾಳ ಅಜ್ಜಿಯೊಬ್ಬಳನ್ನು ಬಿಟ್ಟು.

ನೀರಿಳಿದ ಮೇಲೆ ಶಾನಭಾಗರು ನನ್ನನ್ನು ಬಂದ್ ಮಾಡಿ, ಬರೀ ರೇಡಿಯೋದಲ್ಲಿ ಅವಳನ್ನು ಕರೆದರು. ತನ್ನ ದನಿ ಅಷ್ಟು ಕೆಟ್ಟದ್ದು ತನಗೆ ಗೊತ್ತೇ ಇರಲಿಲ್ಲ, ಕ್ಷಮಿಸು ತಂಗಿ ಎಂದರು.

"ನಮಗೆಲ್ಲ ಗೊತ್ತಿತ್ತು ಸರ್," ಎಂದಳು. "ಹಿರಿಯರು, ಬೇಜಾರು ಮಾಡ್ಕೊಳ್ತೀರಿ ಅಂತ, ನಿಮ್ಮ ದನಿ ಚೊಲೋ ಕೇಳ್ತದೆ ಅಂತಿದ್ವಿ. ನಾನೂ ಹಂಗೇ ಅಂದಿದ್ದೆ."

ಅಂದಿನಿಂದ ನಾನು ಅಟ್ಟದ ಮೂಲೆಯಲ್ಲಿದ್ದೇನೆ. ವಾಲ್ವಿಗೆ ಧೂಳು ಹತ್ತಿದೆ, ಅದರ ಬಗ್ಗೆ ನನಗೆ ದುಃಖವಿಲ್ಲ. ಕೆಳಗೆ ಶಾನಭಾಗರು ಯಾರೊಡನೆ ಮಾತಾಡಿದರೂ ಮೊದಲು ಕೇಳುವುದು, ತನ್ನಿಂದ ಪಕ್ಕದವರಿಗೆ ತೊಂದರೆಯಾಗುತ್ತಿದೆಯೇ ಎಂದು. ಇಲ್ಲ ಇಲ್ಲ, ಚೊಲೋ ಕೇಳ್ತದೆ ಎನ್ನುತ್ತಾರೆ ಎಲ್ಲರೂ. ಅವರು ನಂಬುವುದಿಲ್ಲ.