ಬಾನಿಗೆ ಸುರಿದ ಮಾತ್ರೆ

"ಕಾಲು ತೊಳ್ಕಂಡು ಮೆಟ್ಲು ಅತ್ರೇ, ನಾಯಿ ಮುಂಡೇರಾ. ಹಾಜಿಯೋರ ಜಮಖಾನದ ಮ್ಯಾಲೆ ಕೆಸರು ಬಿತ್ತೋ, ನಾಲ್ಗೇಲಿ ನೆಕ್ಕುಸ್ತೀನಿ."

ಮೇಸ್ತ್ರಿ ದಸೂಕಿ ಗದ್ದೆಯ ಒಡೆಯ ಹಾಜಿ ಬದ್ರಾವಿಯ ಬಾಗಿಲಿಗೆ ಅಡ್ಡ ಕೋಲು ಹಿಡಿದು ನಿಂತಿದ್ದ. ನಾವು ಹೆಂಗಸರು ಭತ್ತದ ಗದ್ದೆಯಿಂದ ನೇರ ಎದ್ದು ಬಂದಿದ್ದೆವು. ಕೈರೋದಿಂದ ಡಾಕ್ಟರು ಬಂದಿದ್ದಾರೆ, ಹೊಟ್ಟೆ ತೋರಿಸಬೇಕು ಎಂದು ಅವನೇ ನಾಟಿ ನಿಲ್ಲಿಸಿ ಎಬ್ಬಿಸಿದ್ದ. ನನ್ನ ಹಿಂದೆ ವಾರಗಿತ್ತಿ ತಫೀದಾ ಏದುಸಿರು ಬಿಡುತ್ತಿದ್ದಳು.

"ಇದು ಹಾಜಿಯೋರ ಗದ್ದೆ ಕೆಸರೇ ಕಣಪ್ಪ ದಸೂಕಿ. ಅವ್ರ ಸ್ವತ್ತು ಅವ್ರ ಮನೀಗೆ ಬಂದ್ರೆ ಏನ್ ಕಳ್ಕಂಡಂಗಾಯ್ತು?" ಎಂದಳು ಅವಳು.

ದಸೂಕಿ ಕೋಲಿನ ತುದಿಯಿಂದ ಅವಳ ಉಬ್ಬಿದ ಹೊಟ್ಟೆ ತಿವಿದ. "ಗಂಡ ಸತ್ತು ಏಸೊಂದು ಕಾಲ ಆಯ್ತು. ಯಾರ್ದೇ ಇದು?"

ಒಳಗಿದ್ದ ಗಂಡಸರು ನಕ್ಕರು. ತಫೀದಾ ಮುಸುಕು ಸರಿಮಾಡಿಕೊಂಡು ಹೇಳಿದಳು: "ನಿಮ್ಮ ಹಾಜಿಯೋರ ಕಾಲ್ವೇದು. ಉಟ್ದಾಗಿಂದ ಅದ್ರಾಗೇ ನಿಂತಿದ್ನಲ್ಲ, ಇನ್ಯಾರ್ದಿರ್ತದೆ?"

ಈ ಸಲ ಯಾರೂ ನಗಲಿಲ್ಲ. ಅವಳು ಸುಳ್ಳೇನೂ ಹೇಳಿರಲಿಲ್ಲ. ಕಾಲುವೆಯ ನೀರಿನ ಹುಳ ಕಾಲಿನ ಚರ್ಮ ತೂರಿ ಒಳಗೆ ಹೋಗಿ ಲಿವರಿನಲ್ಲಿ ಮನೆ ಮಾಡುತ್ತದೆ. ಸರ್ಕಾರದ ಮಾತ್ರೆ ನುಂಗಿ ಹುಳ ಸತ್ತರೂ ಅದು ಕೊರೆದ ಲಿವರು ಕಲ್ಲಾಗಿ ಉಳಿಯುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ನಮ್ಮ ಓಣಿಯಲ್ಲಿ ಹೆಣ ಎತ್ತಿದ್ದೆಲ್ಲ ಬಹುಮಟ್ಟಿಗೆ ಇಂಥ ಹೊಟ್ಟೆಗಳನ್ನೇ. ನನ್ನದು ಇನ್ನೂ ಊದಿರಲಿಲ್ಲ. ತಫೀದಾಳದ್ದು ಸೊಂಟಕ್ಕೆ ಪಟ್ಟಿ ಕಟ್ಟಲಾರದಷ್ಟು ಊದಿತ್ತು.

ಡಾಕ್ಟರ್ ಶಿಹಾಬ್ ಸಣ್ಣ ವಯಸ್ಸಿನವನು, ಮೆತ್ತಗಿನ ಮಾತಿನವನು. ನಮ್ಮನ್ನು ಅಮ್ಮ ಎಂದು ಕರೆದ. ಹಾಜಿ ಬದ್ರಾವಿಯ ಮನೆಯಲ್ಲಿ ನಮ್ಮನ್ನು ಯಾರೂ ಹಾಗೆ ಕರೆದಿರಲಿಲ್ಲವಾದ್ದರಿಂದ ಅರ್ಧ ಜನ ಅಲ್ಲೇ ಕರಗಿಹೋದರು.

"ನೋಡಿ ಅಮ್ಮಂದಿರೇ, ಕಲ್ಲಾದ ಲಿವರನ್ನ ಮೆತ್ತಗೆ ಮಾಡೋ ಹೊಸ ಮಾತ್ರೆ ಇದು. ಪ್ರಪಂಚದಲ್ಲಿ ಇನ್ನೂ ಎಲ್ಲೂ ಅಂಗಡಿಗೆ ಬಂದಿಲ್ಲ. ನಿಮ್ಮಲ್ಲಿ ಅರ್ಧ ಜನಕ್ಕೆ ಔಷಧಿ ಇರೋ ಮಾತ್ರೆ ಸಿಗುತ್ತೆ, ಅರ್ಧ ಜನಕ್ಕೆ ಒಳಗೇನೂ ಇಲ್ಲದ ಮಾತ್ರೆ. ನೋಡೋಕೆ ಎರಡೂ ಒಂದೇ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ."

"ಗೊತ್ತಿಲ್ದಂಗೆ ಕೊಡ್ತೀಯಾ ಮಗಾ?" ಎಂದಳು ತಫೀದಾ. "ನಮ್ಮೂರ ಹಜಾಮ ಕುಡುಕ. ಅವ್ನಾದ್ರೂ ಯಾವ್ ಅಲ್ಲು ಕೀಳ್ತೀನಿ ಅಂತ ನೋಡ್ಕಂಡೇ ಕೀಳ್ತಾನೆ."

ಡಾಕ್ಟರ್ ನಕ್ಕುಬಿಟ್ಟ. "ಗೊತ್ತಿದ್ರೆ ನಮ್ಮ ಕಣ್ಣು ನಮಗೇ ಮೋಸ ಮಾಡುತ್ತಮ್ಮ. ಕೊನೇಲಿ ಎರಡೂ ಗುಂಪನ್ನ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಔಷಧಿ ನಿಜಕ್ಕೂ ಕೆಲಸ ಮಾಡ್ತಾ ಅಂತ ಗೊತ್ತಾಗೋದು. ಆಮೇಲೆ ಎಲ್ಲರಿಗೂ ಉಪಕಾರ."

ದಿಂಬಿಗೆ ಒರಗಿದ್ದ ಹಾಜಿ ಬದ್ರಾವಿ ಚಹಾ ಹೀರಿ ಲೋಟ ಕೆಳಗಿಟ್ಟ. "ಇವಕ್ಕೆ ಯಾಕ್ರೀ ಇಷ್ಟು ವಿವರ್ಸ್ತೀರಾ? ನನ್ನ ಆಳುಗಳು. ನುಂಗು ಅಂದ್ರೆ ನುಂಗ್ತವೆ."

ಹೆಬ್ಬೆಟ್ಟು ಒತ್ತಿಸಿಕೊಂಡರು. ಹೆಸರು ಅಂಟಿಸಿದ ಒಂದೊಂದು ಸೀಸೆ ಕೊಟ್ಟರು. ಹೊರಡುವಾಗ ಡಾಕ್ಟರ್ ಇನ್ನೊಂದು ಮಾತು ಹೇಳಿದ: "ಅಂಗೈ ತುರಿಸಿದ್ರೆ ಹೆದರಬೇಡಿ. ಔಷಧಿ ಹೊಟ್ಟೆಗೆ ಹೋದವರಿಗೆ ಹಾಗಾಗುತ್ತೆ." ಪಾಪ, ಅಷ್ಟು ಓದಿದವನಿಗೆ ಬಾಯಿ ಕಟ್ಟಿಕೊಳ್ಳುವುದನ್ನು ಯಾರೂ ಕಲಿಸಿರಲಿಲ್ಲ.

ಅಲ್ಲಿಂದ ನಮ್ಮೂರಿಗೆ ತುರಿಕೆಯ ಹುಚ್ಚು ಹಿಡಿಯಿತು. ತುರಿಕೆ ಬಂದವಳಿಗೆ ಎಲ್ಲಿಲ್ಲದ ಮರ್ಯಾದೆ. ಬಾವಿಕಟ್ಟೆಯಲ್ಲಿ ಸಲಾಮಿಗೂ ಮೊದಲು "ತುರುಸ್ತಾ?" ಎಂದು ಕೇಳುತ್ತಿದ್ದರು. ತುರಿಕೆ ಬಾರದವರು ಮಸೀದಿಯ ಗೋಡೆಗೆ ಹಣೆ ಹಚ್ಚಿ ತುರಿಕೆ ಬೇಡಿಕೊಂಡರು. ಇಂಥ ಹರಕೆ ಅಲ್ಲಾಹನಿಗೂ ಹೊಸದಾಗಿದ್ದಿರಬೇಕು.

ನನ್ನ ಅಂಗೈ ಮೊದಲ ವಾರವೇ ಉರಿಯತೊಡಗಿತು. ಊಟ ರುಚಿಸಿತು. ಹಳೆಯ ಉಪ್ಪುಚೀಸಿನ ವಾಸನೆಗೆ ಓಡಿಹೋಗುತ್ತಿದ್ದವಳು ಗಡಿಗೆಯೊಳಗೇ ರೊಟ್ಟಿ ಅದ್ದತೊಡಗಿದೆ. ಆದರೆ ಎಲ್ಲರಿಗಿಂತ ಜೋರಾಗಿ ಕೆರೆದುಕೊಳ್ಳುತ್ತಿದ್ದವಳು ತಫೀದಾ. ನಾನು ಎದುರಿಗೆ ಬಂದರೆ ಸಾಕು, ಬಾಗಿಲ ಚೌಕಟ್ಟಿಗೆ ಅಂಗೈ ತಿಕ್ಕುತ್ತ, "ಅಯ್ಯೋ, ಇದೇನ್ ತುರಿಕೆ ಕಣಮ್ಮಿ ನಬವಿಯ್ಯಾ, ಪ್ರಾಣ ತಿಂತದೆ," ಎನ್ನುತ್ತಿದ್ದಳು. ಹೊಟ್ಟೆ ಮಾತ್ರ ದಿನದಿನಕ್ಕೂ ಮುಂದಕ್ಕೆ ಬರುತ್ತಿತ್ತು.

ಒಂದು ಮಧ್ಯಾಹ್ನ ಕಾಲುವೆಯ ದಂಡೆಯಲ್ಲಿ ಅವಳು ಒಬ್ಬಳೇ ಕೂತು ಒಣಜೊಂಡಿನ ಸಿಬಿರಿನಿಂದ ಅಂಗೈಯನ್ನು ಕೆಂಪಾಗುವಂತೆ ಗೀರಿಕೊಳ್ಳುತ್ತಿದ್ದುದನ್ನು ಕಂಡೆ. ಮೊದಲು ನಗು ಬಂತು. ಆಮೇಲೆ ಅವಳ ಪಕ್ಕದಲ್ಲೇ ಕೂತುಬಿಟ್ಟೆ.

"ನನ್ ಸೀಸೆ ತಕಳ್ಳೇ. ನಿಂದು ನಂಗೆ ಕೊಡು," ಎಂದೆ.

ಅವಳು ಕೈಯನ್ನು ಉಡಿಯಲ್ಲಿ ಮುಚ್ಚಿಕೊಂಡಳು. "ನಿನ್ ಹಂಗಿನ ಮಾತ್ರೆ ನಂಗ್ಯಾಕೆ? ನನ್ ಮದ್ವೆಗೆ ನೀನು ಒಂದು ತಟ್ಟೆ ಕೊಟ್ಟಿದ್ದೆ, ಅದನ್ನ ಇವತ್ತಿಗೂ ಆಡ್ಕಂಡು ತಿರುಗ್ತೀಯ. ಇನ್ನು ಜೀವಾನೇ ಕೊಟ್ಟೆ ಅಂದ್ರೆ, ಗೋರೀಗೆ ಬಂದೂ ಕೂಗ್ತೀಯ. ಬ್ಯಾಡ ಕಣವ್ವ, ನಾನು ಒಟ್ಟೆ ಒಡ್ಕಂಡೇ ಸಾಯ್ತೀನಿ."

ಆ ತಟ್ಟೆ ನಿಜವಾಗಿಯೂ ಒಳ್ಳೆಯ ತಟ್ಟೆ, ತಾಮ್ರದ್ದು.

ರೊಟ್ಟಿ ಸುಡುವ ದಿನ ನಮ್ಮ ಓಣಿಯ ಹೆಂಗಸರೆಲ್ಲ ಎಲ್ಲರಿಗೂ ಚಿಕ್ಕಮ್ಮನಂತಿದ್ದ ರತೀಬಾ ಖಾಲಾಳ ಒಲೆಯ ಮುಂದೆ ಸೇರುತ್ತೇವೆ. ಯಾರ ಮನೆಯಲ್ಲಿ ಎಷ್ಟು ಹಿಟ್ಟಿದೆಯೋ ಅಷ್ಟನ್ನೂ ತಂದು ಒಂದೇ ಮಣ್ಣಿನ ಬಾನಿಗೆ ಸುರಿದು ನಾದುತ್ತೇವೆ. ಬೆಂದ ಮೇಲೆ ಎಲ್ಲರಿಗೂ ಸಮ. ಯಾರ ಹಿಟ್ಟು ಯಾವ ರೊಟ್ಟಿಗೆ ಹೋಯಿತು ಎಂದು ಕೇಳುವುದು ನಮ್ಮಲ್ಲಿ ಉಗಿಸಿಕೊಳ್ಳುವ ಕೆಲಸ. ಆ ದಿನ ತಫೀದಾ ನಾದಲು ಕೂತವಳು ಹೊಟ್ಟೆ ಅಡ್ಡಬಂದು ಬಾನಿಯನ್ನು ಎಟುಕಲಾಗದೆ ಸುಮ್ಮನೆ ಎದ್ದು ಗೋಡೆ ಕಡೆ ಮುಖಮಾಡಿ ನಿಂತಳು. ನಾನು ತಡೆಯಲಾರದೆ ಎಲ್ಲರ ಮುಂದೆಯೇ ಜೊಂಡಿನ ಕತೆ ಹೇಳಿಬಿಟ್ಟೆ.

"ನಿನ್ ಬಾಯಿಗೆ ಉಳ ಬೀಳ, ಮಾನಗೆಟ್ಟೋಳೇ," ಎಂದು ತಫೀದಾ ಹಿಟ್ಟಿನ ಮುದ್ದೆಯನ್ನೇ ನನ್ನ ಮುಖಕ್ಕೆ ಎಸೆದಳು.

ಒಲೆಗೆ ಹುಲ್ಲು ತುರುಕುತ್ತಿದ್ದ ರತೀಬಾ ಖಾಲಾ ತಲೆ ಎತ್ತಲೂ ಇಲ್ಲ. "ಕಚ್ಚಾಡ್ಬ್ಯಾಡ್ರೇ. ಓಗಿ ಎಲ್ರೂ ಸೀಸೆ ತಗಂಡ್ ಬರ್ರಿ."

ಬಾನಿ ಖಾಲಿಯಾದ ಮೇಲೆ ಅದನ್ನು ಒರೆಸಿ, ಸೀಸೆಗಳನ್ನೆಲ್ಲ ಅದಕ್ಕೆ ಬಗ್ಗಿಸಿದೆವು. ಬಿಳಿ ಮಾತ್ರೆಗಳ ಗುಡ್ಡೆ. ಖಾಲಾ ಮೊಣಕೈ ತನಕ ಕೈಯಿಳಿಸಿ ಹಿಟ್ಟು ಕಲಸಿದ ಹಾಗೇ ಕಲಸಿದಳು. "ಈಗ ಯೋಳ್ರಿ, ಯಾವ್ದು ಯಾರ್ದು?"

ಬೊಗಸೆಯಲ್ಲಿ ಹಂಚಿಕೊಂಡೆವು. ತಫೀದಾ ತನ್ನ ಪಾಲನ್ನು ಯಾರ ಹಂಗೂ ಇಲ್ಲದೆ, ರೊಟ್ಟಿ ತೆಗೆದುಕೊಂಡ ಹಾಗೆ ತೆಗೆದುಕೊಂಡಳು.

ಸೀಸೆ ತುಂಬಿಸಿಕೊಂಡಾಗಲೆಲ್ಲ ಹೀಗೇ ಮಾಡಿದೆವು. ನನ್ನ ತುರಿಕೆ ಕಮ್ಮಿಯಾಯಿತು. ಓಣಿಗೆಲ್ಲ ಅಷ್ಟಿಷ್ಟು ತುರಿಕೆ ಬಂತು. ಹತ್ತಿ ಬಿಡಿಸುವ ಹೊತ್ತಿಗೆ ತಫೀದಾ ನನ್ನ ಮನೆಗೆ ಬಂದು ಸೊಂಟಕ್ಕೆ ಕಟ್ಟಿದ ಪಟ್ಟಿ ತೋರಿಸಿದಳು. ಗಂಟು ತುದಿಯಲ್ಲೇ ಇತ್ತು, ಆದರೆ ಗಂಟು ಬಿದ್ದಿತ್ತು. "ನೋಡಿದ್ಯೇನೇ," ಎಂದು ಹೇಳಿ ಬೈಯುವುದನ್ನೂ ಮರೆತು ಹೋದಳು. ಆ ದಿನ ನನಗೆ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮುಂದಿನ ನಾಟಿಯ ಹೊತ್ತಿಗೆ ಡಾಕ್ಟರ್ ಶಿಹಾಬ್ ಹಾಜಿಯ ಜಗಲಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದ. ಬೇರೆ ಊರುಗಳಲ್ಲಿ ರಕ್ತ ನೋಡಿದರೆ ಎರಡು ಗುಂಪಾಗಿ ಒಡೆಯುತ್ತಿತ್ತಂತೆ. ನಮ್ಮೂರಲ್ಲಿ ಎಲ್ಲರದೂ ಒಂದೇ ಥರ, ಯಾರೂ ಪೂರ್ತಿ ವಾಸಿಯಾಗಿಲ್ಲ, ಯಾರೂ ಹಾಗೇ ಉಳಿದಿಲ್ಲ. "ಹೀಗಾಗೋಕೆ ಸಾಧ್ಯವೇ ಇಲ್ಲ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ರತೀಬಾ ಖಾಲಾಗೆ ಅವನ ಮೇಲೆ ಅಯ್ಯೋ ಅನ್ನಿಸಿತು. ಸಂತೋಷಪಡುತ್ತಾನೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. "ಚಿಂತೆ ಮಾಡ್ಬ್ಯಾಡ ಮಗಾ. ನೀನು ಅರ್ಧ ಜನಕ್ಕೆ ಸಾಲಂಗೆ ತಂದಿದ್ದೆ. ನಾವು ಬಾನೀಗೆ ಸುರ್ದು ಎಲ್ರಿಗೂ ಸರಿಮಾಡ್ಕಂಡ್ವಿ."

ಡಾಕ್ಟರ್ ತಲೆ ಮೇಲಿನ ಕೈ ತೆಗೆದು ಎದ್ದು ನಿಂತ. ಮಾತಾಡಿದಾಗ ಅಮ್ಮ ಅನ್ನುವ ಶಬ್ದ ಎಲ್ಲೋ ಬಿದ್ದುಹೋಗಿತ್ತು.

"ದನಗಳು ನೀವು. ದನಗಳಾದ್ರೂ ಅವುಗಳ ಗೊಂತಲ್ಲಿ ಮೇಯ್ತವೆ. ನನ್ನ ವರ್ಷಗಟ್ಟಲೆ ಕೆಲಸ ಹಾಳುಮಾಡಿದ್ರಿ."

"ನಾನು ಮೊದ್ಲೇ ಹೇಳಿರ್ಲಿಲ್ವೇ?" ಎಂದ ಹಾಜಿ, ಬಹಳ ತೃಪ್ತಿಯಿಂದ.

ಹೊಸ ಸೀಸೆಗಳು ಬಂದವು, ಮೊದಲಿನ ಲೆಕ್ಕದಲ್ಲೇ ಹೆಸರು ಅಂಟಿಸಿದವು. ಇನ್ನು ಸೀಸೆ ಮನೆಗೆ ಕೊಡುವುದಿಲ್ಲ, ದಿನಾ ಬೆಳಿಗ್ಗೆ ಗದ್ದೆಗಿಳಿಯುವ ಮೊದಲು ದಸೂಕಿಯ ಕಣ್ಣೆದುರು ಅವರವರ ಮಾತ್ರೆ ಅವರವರು ನುಂಗಬೇಕು ಎಂದಾಯಿತು. ನುಂಗದವಳಿಗೆ ಗದ್ದೆಯಲ್ಲಿ ಕೆಲಸವಿಲ್ಲ.

ತಫೀದಾ ಮುಂದೆ ಬಂದು ಡಾಕ್ಟರನ್ನು ಕೇಳಿದಳು: "ನನ್ ಸೀಸೇಲಿರೋದು ಯಾವ್ದು ಮಗಾ?"

"ಪರೀಕ್ಷೆ ಮುಗಿಯೋವರೆಗೂ ನನಗೂ ಗೊತ್ತಾಗಲ್ಲ."

"ಯಾವಾಗ ಮುಗೀತದೆ?"

"ಇನ್ನು ಎರಡು ವರ್ಷ."

"ಓ," ಎಂದಳು ಅವಳು. "ಅಷ್ಟ್ರೊಳ್ಗೆ ನಾನೇ ಮುಗ್ದಿರ್ತೀನಿ. ನಿಂಗೆ ಒಂದ್ ಕೆಲ್ಸ ಕಮ್ಮಿ."

ಡಾಕ್ಟರ್ ಕನ್ನಡಕ ತೆಗೆದು ಒರೆಸಿದ. ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ.

ಮರುದಿನ ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಮಡಿಯಿಂದ ಕಿತ್ತ ಪೈರಿನ ಕಟ್ಟುಗಳು ನೀರಲ್ಲಿ ತೇಲುತ್ತಿದ್ದವು. ಹಾಜಿ ಕತ್ತೆಯ ಮೇಲೆ ಕೊಡೆ ಬಿಚ್ಚಿಕೊಂಡು ಕೂತಿದ್ದ. ದಸೂಕಿ ನನ್ನ ಸೀಸೆಯಿಂದ ಒಂದು ಮಾತ್ರೆ ತೆಗೆದು ನನ್ನ ಅಂಗೈಗೆ ಹಾಕಿದ.

"ನುಂಗೇ."

ಬಾಯಿಗೆ ಹಾಕಿಕೊಂಡು ಹಲ್ಲಲ್ಲಿ ಕಚ್ಚಿದೆ. ಹಾಗಲಕಾಯಿಗಿಂತ ಕಹಿ. ಅರ್ಧ ನುಂಗಿದೆ, ಅರ್ಧವನ್ನು ಬೆರಳಲ್ಲಿ ಹಿಡಿದು ಸಾಲು ಬಿಟ್ಟು ತಫೀದಾಳ ಹತ್ತಿರ ಹೋದೆ.

"ಸಾಲು ಸೇರೇ ಲೌಡೀ," ಎಂದು ದಸೂಕಿ ಕೋಲೆತ್ತಿ ಬಂದ. ಏಟು ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಕೋಲು ಏಳಲಿಲ್ಲ. ರತೀಬಾ ಖಾಲಾ ಅದರ ತುದಿ ಹಿಡಿದು ನಿಂತಿದ್ದಳು, ಅವಳ ಹಿಂದೆ ಉಳಿದ ಹೆಂಗಸರೂ.

"ನಾಳೆಯಿಂದ ನನ್ನ ಗದ್ದೇಲಿ ಒಬ್ಳೂ ಕಾಲಿಡೋ ಹಾಗಿಲ್ಲ," ಎಂದು ಹಾಜಿ ಕೂಗಿದ.

"ಆಗ್ಲಿ ಹಾಜಿ," ಎಂದಳು ಖಾಲಾ. "ಪೈರು ಕಿತ್ತಾಗದೆ. ಬಿಸ್ಲಿಗೆ ನಾಳೀಕೆ ಸಾಯ್ತದೆ. ನೀವೇ ಇಳ್ದು ನೆಟ್ಕಳಿ, ಮೇಸ್ತ್ರಿ ಕಟ್ಟು ಎತ್ಕೊಡ್ತಾನೆ."

ಹಾಜಿ ಕೊಡೆಯನ್ನು ಮುಖದ ಮುಂದಕ್ಕೆ ಇಳಿಸಿಕೊಂಡ. ಡಾಕ್ಟರ್ ಸೀಸೆಗಳ ಪೆಟ್ಟಿಗೆ ಹಿಡಿದು ಅಲ್ಲೇ ನಿಂತಿದ್ದ.

ತಫೀದಾ ನನ್ನ ಬೆರಳಲ್ಲಿದ್ದ ತುಂಡನ್ನೇ ನೋಡುತ್ತಿದ್ದಳು. "ನಿನ್ ಎಂಜಲು ನಾನು ತಿನ್ಬೇಕಾ?"

"ತಿನ್ನೇ. ತಟ್ಟೆ ಸುದ್ದಿ ಎತ್ತಾಕಿಲ್ಲ."

ಬಾಯಿ ತೆರೆದಳು. ಕಹಿಗೆ ಅವಳ ಮುಖವೆಲ್ಲ ಸೊಟ್ಟಗಾಯಿತು. ನುಂಗಿದಳು. ಆಮೇಲೆ ದಸೂಕಿಯ ಮುಂದೆ ಹೋಗಿ ಕೈ ಚಾಚಿ ತನ್ನ ಸೀಸೆಯ ಮಾತ್ರೆಯನ್ನು ಕೇಳಿ ಪಡೆದಳು, ಕಚ್ಚಿ ಎರಡು ಮಾಡಿದಳು, ಒಂದು ತುಂಡನ್ನು ನನ್ನ ಬಾಯಿಯ ಹತ್ತಿರ ತಂದಳು.

"ಇದು ನಿನ್ ಪಾಲು. ಬಾಯ್ ತೆಗಿ."

ನಾಲಿಗೆಗೆ ಸೀಮೆಸುಣ್ಣದಂಥ ಸಪ್ಪೆ ರುಚಿ ಹತ್ತಿತು. ಅದರಲ್ಲಿ ಏನೂ ಇಲ್ಲವೆಂದು ಅವಳಿಗೂ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನು ಅವಳ ಹಾಗೆಯೇ ಮುಖ ಸೊಟ್ಟ ಮಾಡಿ, ಕಷ್ಟಪಟ್ಟು ನುಂಗಿದೆ.